ಚಿನ್ನ ಅಸಲಿ, ನಾಣ್ಯ ಖೋಟಾ: ಪೋಪ್ ಕಾಲದ ನಾಣ್ಯ ಕೊಳ್ಳುವವರು ಓದಿ

ಕೆಲಸದ ಮೇಲೆ ರೋಮಿಗೆ ಹೋಗಿದ್ದಾಗ ಹಳೇ ನಾಣ್ಯದ ಅಂಗಡಿಯೊಂದರಲ್ಲಿ 20 ಲೀರಾ ಚಿನ್ನದ ನಾಣ್ಯ ಕೊಂಡೆ. ಪೋಪ್ ಒಂಬತ್ತನೆಯ ಪಯಸ್ ಕಾಲದ್ದು, ಇಸವಿ 1866. ಅಪರೂಪದ್ದು ಅಂದರು. ಚಿನ್ನದ ಬೆಲೆಯ ಮೂರು ಪಟ್ಟು ಕೊಟ್ಟೆ. ಅದು ಖೋಟಾ. ನಾಣ್ಯ ಕೂಡಿಡುವ ಆಸೆ ಇರುವವರು ದಯವಿಟ್ಟು ಪೂರ್ತಿ ಓದಿ.

ಆಗ ರೋಮ್ ಪೋಪರ ಸ್ವಂತ ರಾಜ್ಯ. ಅವರು ಲೀರಾ ಪದ್ಧತಿಗೆ ಬಂದಿದ್ದು 1866ರಲ್ಲಿ. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೈನ್ಯ ಊರೊಳಗೆ ನುಗ್ಗಿತು, ಪೋಪರ ಆಳ್ವಿಕೆ ಮುಗಿಯಿತು. ಅಂದರೆ ಈ ನಾಣ್ಯ ಅಚ್ಚಾಗಿದ್ದು ಐದು ವರ್ಷಕ್ಕೂ ಕಮ್ಮಿ. ಅಂಥದ್ದೊಂದು ಅಂಗೈಯಲ್ಲಿ ಕೂತರೆ ಬಿಡೋಕೆ ಮನಸ್ಸು ಬರುತ್ತಾ?

ಊರಿಗೆ ಬಂದು ನಮ್ಮ ಮನೆಗೆ ಒಡವೆ ಮಾಡಿಕೊಡುವ ಆಚಾರ್ರ ಹತ್ತಿರ ಒಯ್ದೆ. ಒರೆಗಲ್ಲಿಗೆ ಉಜ್ಜಲು ಬಿಡಲಿಲ್ಲ, ಮಷಿನ್ನಿನಲ್ಲೇ ನೋಡಿಸಿದೆ. ತೂಕ 6.45 ಗ್ರಾಂ, ಚಿನ್ನ ನೂರಕ್ಕೆ 90. "ನಮ್ಮ 916ಕ್ಕಿಂತ ಒಂಚೂರು ಕಮ್ಮಿ ಅಷ್ಟೇ, ಚಿನ್ನ ಚಿನ್ನವೇ ಕಣಪ್ಪಾ" ಅಂದರು. ಅಸಲಿ ನಾಣ್ಯದಲ್ಲೂ ಇರಬೇಕಾದ್ದು ಅಷ್ಟೇ. ನಿಶ್ಚಿಂತೆಯಿಂದ ಮನೆಗೆ ಬಂದೆ.

ತಪ್ಪಿದ್ದೇ ಅಲ್ಲಿ. ನಮಗೆ ಚಿನ್ನ ಪರೀಕ್ಷೆ ಮಾಡಿಸಿ ಅಭ್ಯಾಸ, ನಾಣ್ಯ ಪರೀಕ್ಷೆ ಮಾಡಿಸಿ ಅಲ್ಲ. ನಾಣ್ಯ ಸಂಗ್ರಹಿಸುವ ಹಿರಿಯರೊಬ್ಬರು ಅದನ್ನು ಭೂತಗನ್ನಡಿ ಹಿಡಿದು ನೋಡಿದರು. "ಈ ಪೋಪ್ ಪಟ್ಟಕ್ಕೆ ಬಂದಿದ್ದು ಯಾವಾಗ ಗೊತ್ತಾ?" ಅಂತ ಕೇಳಿದರು. 1846ರ ಜೂನ್. ಈ ನಾಣ್ಯದ ಒಂದು ಮುಖದಲ್ಲಿ ಇಸವಿ, ಇನ್ನೊಂದು ಮುಖದಲ್ಲಿ ಪೋಪರ ತಲೆಯ ಸುತ್ತ ಪಟ್ಟವಾಗಿ ಎಷ್ಟನೇ ವರ್ಷ ಅಂತ ರೋಮನ್ ಅಂಕಿಯಲ್ಲಿ ಇರುತ್ತದೆ. ಲೆಕ್ಕ ಹಾಕಿದರೆ 1866ಕ್ಕೆ 20 ಅಥವಾ 21 ಬರಬೇಕು. ನನ್ನದರಲ್ಲಿ 24 ಇತ್ತು! ಅದು 1869-70ರ ಲೆಕ್ಕ. ಎರಡು ಬೇರೆ ಬೇರೆ ನಾಣ್ಯಗಳ ಮುಖ ತೆಗೆದು ಒಂದು ಮಾಡಿದ್ದಾರೆ. ಆಮೇಲೆ ಅವರು ಬೆರಳಿಟ್ಟು ತೋರಿಸಿದ ಮೇಲೆ ಖೋಟಾದ ಮಿಕ್ಕ ಗುರುತುಗಳೂ ಕಂಡವು: ಅಕ್ಷರಗಳ ಅಂಚು ಸೋಪು ಸವೆದಂತೆ ಮೊಂಡು, ಕೆನ್ನೆಯ ಪಕ್ಕ ಸಾಸಿವೆಗಿಂತ ಸಣ್ಣ ಎರಡು ಗುಳ್ಳೆ.

ಅಂಗಡಿಗೆ ಬರೆದೆ. "ಬಿಲ್ಲಿನಲ್ಲಿ ಚಿನ್ನ ಅಂತ ಬರೆದಿದ್ದೇವೆ, ಚಿನ್ನವನ್ನೇ ಕೊಟ್ಟಿದ್ದೇವೆ" ಅಂತ ಉತ್ತರ ಬಂತು. ಬಿಲ್ಲು ತೆಗೆದು ನೋಡಿದೆ. ನಿಜ. ಲೋಹ, ತೂಕ, ಬೆಲೆ ಬಿಟ್ಟು ಬೇರೇನೂ ಇಲ್ಲ.

ಹಾಗಾಗಿ ದುಡ್ಡು ಕೊಡುವ ಮೊದಲೇ ಎರಡೂ ಮುಖದ ವರ್ಷ ಒಂದಕ್ಕೊಂದು ತಾಳೆಯಾಗುತ್ತಾ ನೋಡಿ. ಬಿಲ್ಲಿನಲ್ಲಿ ಪೋಪರ ಹೆಸರು, ಇಸವಿ, ಪಟ್ಟದ ವರ್ಷ, 'ಅಸಲಿ ನಾಣ್ಯ, ಅಲ್ಲದಿದ್ದರೆ ಹಣ ವಾಪಸ್' ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ನಾಣ್ಯ ಅಲ್ಲೇ ಇಟ್ಟು ಎದ್ದು ಬನ್ನಿ.