ಸಿಸ್ಟ್ ಆಪರೇಷನ್ನಿಗೆ ಸಹಿ ಹಾಕುವ ಮುನ್ನ: ನಾನು ಓದದೆ ಬಿಟ್ಟ ಒಂದು ಸಾಲು

ನನ್ನ ಎಡ ಅಂಡಾಶಯವನ್ನು ತೆಗೆದು ಎರಡು ವರ್ಷ ಕಳೆದಿದೆ. ಅದನ್ನು ತೆಗೆಯಲೇಬೇಕಾಗಿತ್ತೇ ಎಂಬ ಪ್ರಶ್ನೆಗೆ ಇನ್ನು ಯಾರೂ ಖಚಿತವಾಗಿ ಉತ್ತರ ಹೇಳಲಾರರು. ಅಷ್ಟು ಅವಸರದಲ್ಲಿ ತೆಗೆಯುವ ಅಗತ್ಯವಿರಲಿಲ್ಲ ಎಂಬುದಂತೂ ಆಮೇಲೆ ಕೈಗೆ ಬಂದ ಬಯಾಪ್ಸಿ ವರದಿಯಿಂದಲೇ ನನಗೆ ತಿಳಿಯಿತು. ಸ್ಕ್ಯಾನಿಂಗ್ ವರದಿಯಲ್ಲಿ ‘ಸಿಸ್ಟ್’ (ಅಂಡಾಶಯದ ಗುಳ್ಳೆ) ಎಂಬ ಪದ ಕಂಡು ಎದೆ ಧಸಕ್ಕೆಂದು, ಇನ್ನೆರಡು ದಿನದಲ್ಲಿ ಆಪರೇಷನ್ ಎಂದು ಕುಳಿತಿರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಆಗ ನನಗೆ 34 ವರ್ಷ. ಕಿಬ್ಬೊಟ್ಟೆಯ ಎಡಭಾಗದಲ್ಲಿ ಎರಡು ದಿನ ಹಿಡಿದಂತಿದ್ದ ನೋವು ಮೂರನೆಯ ದಿನ ಸ್ವಲ್ಪ ಹೆಚ್ಚಾದ್ದರಿಂದ ಸ್ಕ್ಯಾನಿಂಗ್ ಮಾಡಿಸಿದೆ. ಬೂದುಬಣ್ಣದ ತೆರೆಯ ಮೇಲೆ ಕಪ್ಪಗಿನ ದುಂಡು ಆಕಾರವೊಂದು ಕಂಡಿತು. ಸ್ಕ್ಯಾನ್ ಮಾಡುತ್ತಿದ್ದವರು ಅದರ ಎರಡು ಅಂಚುಗಳಲ್ಲಿ ಕೂಡಿಸುವ ಗುರುತಿನಂಥ ಚುಕ್ಕೆಗಳನ್ನಿಟ್ಟು ನಡುವೆ ಗೆರೆ ಎಳೆದಾಗ ಮೂಲೆಯಲ್ಲಿ 5.4 ಸೆಂಟಿಮೀಟರ್ ಎಂಬ ಅಂಕಿ ಮೂಡಿತು. ವರದಿಯಲ್ಲಿ ‘ಸಂಕೀರ್ಣ ಸಿಸ್ಟ್, ಒಳಗೆ ಬಲೆಯಂತಹ ತೆಳು ಎಳೆಗಳು, ಒಳಭಾಗದಲ್ಲಿ ರಕ್ತಸಂಚಾರ ಕಾಣುವುದಿಲ್ಲ’ ಎಂಬ ಅರ್ಥದ ಮಾತುಗಳಿದ್ದವು. ನನ್ನ ಕಣ್ಣಿಗೆ ಬಿದ್ದದ್ದು ‘ಸಂಕೀರ್ಣ’ ಎಂಬ ಒಂದೇ ಪದ. ಮುಂದಿನ ಎರಡು ಮಾತುಗಳು ಭಯಪಡಿಸುವುದಕ್ಕಿಂತ ಸಮಾಧಾನ ಹೇಳುವಂಥವು ಎಂದು ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಅದೇ ವರದಿಯ ಮೇಲ್ಭಾಗದಲ್ಲಿ ಕೊನೆಯ ಮುಟ್ಟಿನ ದಿನಾಂಕ ಬರೆಯುವ ಜಾಗ ಖಾಲಿಯಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂದು ನನ್ನ ಋತುಚಕ್ರದ 23ನೆಯ ದಿನ.

ಆ ಖಾಲಿ ಜಾಗಕ್ಕೆ ಇಷ್ಟೊಂದು ಮಹತ್ವವೇಕೆ ಎಂದು ನಿಮಗೆ ಅನ್ನಿಸಬಹುದು. ಮುಟ್ಟಾಗುವ ವಯಸ್ಸಿನ ಹೆಂಗಸರ ಅಂಡಾಶಯದಲ್ಲಿ ತಿಂಗಳು ತಿಂಗಳೂ ಒಂದು ನೀರುಗುಳ್ಳೆ ಬೆಳೆಯುತ್ತದೆ. ಎರಡು, ಎರಡೂವರೆ ಸೆಂಟಿಮೀಟರಿನಷ್ಟಾದಾಗ ಅದು ಒಡೆದು ಅಂಡ ಹೊರಬರುತ್ತದೆ. ಒಡೆದ ಜಾಗವೇ ಮುಂದಿನ ಎರಡು ವಾರ ಕಾರ್ಪಸ್ ಲೂಟಿಯಂ ಎಂಬ ಪುಟ್ಟ ಗ್ರಂಥಿಯಾಗಿ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಸ್ರವಿಸಿ, ಗರ್ಭ ನಿಲ್ಲದಿದ್ದರೆ ತಾನಾಗಿಯೇ ಮುದುಡಿಕೊಳ್ಳುತ್ತದೆ. ಕೆಲವೊಮ್ಮೆ ಅದರೊಳಗೆ ರಕ್ತ ಒಸರಿ ಅದು ಊದಿಕೊಳ್ಳುವುದುಂಟು. ಆ ರಕ್ತ ಹೆಪ್ಪುಗಟ್ಟಿ ಕರಗತೊಡಗಿದಾಗ ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಇದೇ ಮೀನಿನ ಬಲೆಯಂತಹ ಎಳೆಗಳ ಚಿತ್ರ. ಆದ್ದರಿಂದ ಚಕ್ರದ ದ್ವಿತೀಯಾರ್ಧದಲ್ಲಿ ಕಂಡ ಇಂತಹ ಸಿಸ್ಟ್ 5 ಸೆಂಟಿಮೀಟರಿಗಿಂತ ದೊಡ್ಡದಿದ್ದರೂ ತುರ್ತು ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ 6ರಿಂದ 12 ವಾರ ಬಿಟ್ಟು, ಮುಟ್ಟು ಮುಗಿದ ಬೆನ್ನಿಗೇ ಮತ್ತೊಮ್ಮೆ ನೋಡುತ್ತಾರೆ. ಬಹುಪಾಲು ಅಷ್ಟರೊಳಗೆ ಕರಗಿಹೋಗಿರುತ್ತದೆ. ಒಳಗೆ ತಿಳಿನೀರು ಮಾತ್ರವಿರುವ ಸರಳ ಸಿಸ್ಟ್ ಆದರಂತೂ ಇನ್ನೂ ನಿರಾಳ. ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2011ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಋತುಬಂಧವಾಗದ ಹೆಂಗಸರಲ್ಲಿ 5 ಸೆಂಟಿಮೀಟರಿಗಿಂತ ಚಿಕ್ಕದಾದ ಸರಳ ಸಿಸ್ಟಿಗೆ ಮರುತಪಾಸಣೆಯ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ, 5ರಿಂದ 7ರವರೆಗಿನದಕ್ಕೆ ವರ್ಷಕ್ಕೊಮ್ಮೆ ಸ್ಕ್ಯಾನಿಂಗ್, ಅದಕ್ಕೂ ದೊಡ್ಡದಾದರೆ ಎಂಆರ್‌ಐ ಅಥವಾ ಶಸ್ತ್ರಚಿಕಿತ್ಸೆಯ ವಿಚಾರ.

ಇದ್ಯಾವುದೂ ಗೊತ್ತಿಲ್ಲದೆ ನಾನು ತಜ್ಞರ ಕೊಠಡಿಯಲ್ಲಿ ಕುಳಿತಿದ್ದೆ. ಅಂಡಾಶಯದ ಕ್ಯಾನ್ಸರಿನ ಸುಳಿವಿಗಾಗಿ ನೋಡುವ ಸಿಎ-125 ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ರಕ್ತ ಕೊಡುವ ಹೊತ್ತಿಗೆ ನನಗೆ ಮುಟ್ಟು ಶುರುವಾಗಿತ್ತು. ಫಲಿತಾಂಶ 48 ಬಂತು; 35ರ ಒಳಗಿರಬೇಕಾದದ್ದು. ‘ಟ್ಯೂಮರ್ ಮಾರ್ಕರ್ ಜಾಸ್ತಿ ಇದೆ, ಕ್ಯಾನ್ಸರ್ ಇಲ್ಲವೆಂದು ಹೇಳುವಂತಿಲ್ಲ, ತೆಗೆದುಬಿಡುವುದು ಒಳ್ಳೆಯದು’ ಎಂಬ ಒಂದು ವಾಕ್ಯ ಕೇಳಿದ ಮೇಲೆ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ. ಮೂರು ದಿನದ ಅನಂತರಕ್ಕೆ ದಿನ ಗೊತ್ತಾಯಿತು. ಈ ಸಿಎ-125 ಮುಟ್ಟಿನ ದಿನಗಳಲ್ಲಿ ಏರುತ್ತದೆ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ), ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಕಿಬ್ಬೊಟ್ಟೆಯ ಸೋಂಕು, ಕಡೆಗೆ ಗರ್ಭ ನಿಂತಾಗಲೂ ಏರುತ್ತದೆ. ಇನ್ನೊಂದೆಡೆ, ಆರಂಭದ ಹಂತದ ಅಂಡಾಶಯದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಏರುವುದೇ ಇಲ್ಲ. ಹೀಗಾಗಿ ಋತುಬಂಧವಾಗದವರಲ್ಲಿ ಈ ಅಂಕಿಯೊಂದನ್ನೇ ಹಿಡಿದು ಹೆದರುವುದೂ ತಪ್ಪು, ಧೈರ್ಯ ತಂದುಕೊಳ್ಳುವುದೂ ತಪ್ಪು. ನನ್ನ ವಿಷಯದಲ್ಲಿ ನಡೆದದ್ದೆಂದರೆ, ತಪ್ಪು ದಿನ ಮಾಡಿದ ಸ್ಕ್ಯಾನಿಂಗ್‌ಗೆ ತಪ್ಪು ದಿನ ತೆಗೆದ ರಕ್ತ ಸಾಕ್ಷಿ ಹೇಳಿತು.

ಒಪ್ಪಿಗೆ ಪತ್ರ ನನ್ನ ಕೈಗೆ ಬಂದದ್ದು ಆಪರೇಷನ್ನಿನ ದಿನ ಬೆಳಿಗ್ಗೆ, ಹಸಿರು ಗೌನು ತೊಡಿಸಿ, ಬಲಗೈಗೆ ಡ್ರಿಪ್ಪಿನ ಸೂಜಿ ಚುಚ್ಚಿ ಟೇಪು ಹಾಕಿದ ಮೇಲೆ. ಕೈ ಮಡಿಸಿದರೆ ಸೂಜಿ ಒತ್ತುತ್ತಿದ್ದುದರಿಂದ ಸಹಿ ನನ್ನದೇ ಎಂದು ಗುರುತು ಹಿಡಿಯಲಾರದಷ್ಟು ಸೊಟ್ಟಗಾಯಿತು. ಅಚ್ಚಾದ ಎರಡು ಪುಟಗಳ ನಡುವೆ ಕೈಬರಹದಲ್ಲಿ ತುಂಬಿದ ಒಂದು ಸಾಲಿತ್ತು: ಲ್ಯಾಪರೊಸ್ಕೋಪಿಯ (ಸಣ್ಣ ರಂಧ್ರಗಳಿಂದ ಮಾಡುವ ಶಸ್ತ್ರಚಿಕಿತ್ಸೆ) ಮೂಲಕ ಸಿಸ್ಟ್ ತೆಗೆಯುವುದು, ಅಗತ್ಯವೆನಿಸಿದರೆ ಅಂಡಾಶಯ ಸಹಿತ. ‘ಅಗತ್ಯ’ ಎಂದರೆ ಯಾವ ಸಂದರ್ಭ, ಅದನ್ನು ತೀರ್ಮಾನಿಸುವವರು ಯಾರು ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಟ್ರಾಲಿ ಬಾಗಿಲಲ್ಲಿ ನಿಂತಿತ್ತು.

ಎಚ್ಚರವಾದಾಗ ಹೊಟ್ಟೆಗಿಂತ ಹೆಚ್ಚಾಗಿ ಬಲಭುಜದ ತುದಿ ನೋಯುತ್ತಿತ್ತು. ಹೃದಯಕ್ಕೇ ಏನೋ ಆಯಿತೆಂದು ಹೆದರಿ ಕೂಗಿಕೊಂಡೆ. ಹೊಟ್ಟೆಯೊಳಗೆ ಉಪಕರಣ ಆಡಿಸಲು ಜಾಗವಾಗಲೆಂದು ತುಂಬುವ ಇಂಗಾಲದ ಡೈಆಕ್ಸೈಡ್, ಎದೆ-ಹೊಟ್ಟೆಗಳ ನಡುವಿನ ವಪೆಯನ್ನು ಕೆಣಕುವುದರಿಂದ ಈ ನೋವು ಭುಜಕ್ಕೆ ಬರುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ ಎಂದು ಮೊದಲೇ ಒಂದು ಮಾತು ಹೇಳಿದ್ದರೆ ಆ ರಾತ್ರಿ ನೆಮ್ಮದಿಯಾಗಿ ಕಳೆಯುತ್ತಿತ್ತು. ಅಂಡಾಶಯ ಹೋಗಿದೆ ಎಂಬ ಸುದ್ದಿಯನ್ನು ನನಗೆ ಹೇಳಿದ್ದು ಬ್ಯಾಂಡೇಜು ಬದಲಿಸಲು ಬಂದ ನರ್ಸ್. ನನಗೆ ಆಗಲೇ ಗೊತ್ತಿದೆ ಎಂದುಕೊಂಡು ಮಾತಿನ ನಡುವೆ ಹೇಳಿಬಿಟ್ಟರು. ಸಿಸ್ಟ್ ಬಿಡಿಸುವಾಗ ರಕ್ತ ನಿಲ್ಲಲಿಲ್ಲವಂತೆ. ಅದು ನಿಜವೇ ಇರಬಹುದು. ಒಳಗೆ ರಕ್ತ ತುಂಬಿ ಹಸಿಯಾಗಿರುವ ಗ್ರಂಥಿಗೆ ಕೈ ಹಾಕಿದರೆ ಅದು ಸುರಿಯುವುದು ಸಹಜ, ಕಾದಿದ್ದರೆ ಕೈ ಹಾಕುವ ಪ್ರಸಂಗವೇ ಬಾರದಿರಬಹುದಿತ್ತು ಎಂಬುದು ನನ್ನ ತಕರಾರು. ಹತ್ತು ದಿನದ ಮೇಲೆ ಬಂದ ಬಯಾಪ್ಸಿ ವರದಿ ನಾಲ್ಕೇ ಸಾಲಿನದು. ಹೆಮರೇಜಿಕ್ (ಒಳಗೆ ರಕ್ತ ಒಸರಿದ) ಕಾರ್ಪಸ್ ಲೂಟಿಯಂ ಸಿಸ್ಟ್, ಕ್ಯಾನ್ಸರ್ ಕೋಶಗಳಿಲ್ಲ.

ಕ್ಯಾನ್ಸರ್ ಇಲ್ಲವೆಂದು ಮನೆಯವರೆಲ್ಲ ಸಂತೋಷಪಟ್ಟರು, ನಾನೂ ಪಟ್ಟೆ. ಒಂದು ಅಂಡಾಶಯವಿದ್ದರೂ ಮುಟ್ಟು ಬರುತ್ತದೆ, ಹಾರ್ಮೋನು ಸಾಲುತ್ತದೆ, ಗರ್ಭವೂ ನಿಲ್ಲಬಹುದು ಎಂದು ಸಮಾಧಾನ ಹೇಳಿದವರ ಮಾತು ಸುಳ್ಳಲ್ಲ. ಆದರೆ ಎರಡಿದ್ದವಳಿಗೆ ಈಗ ಉಳಿದಿರುವುದು ಒಂದು, ಅದಕ್ಕೇನಾದರೂ ಆದರೆ ಬದಲಿಯಿಲ್ಲ.

ಎಲ್ಲ ಸಿಸ್ಟುಗಳೂ ಕರಗುವುದಿಲ್ಲ, ಆಪರೇಷನ್ ಎಂದ ತಕ್ಷಣ ಮೋಸವೆಂದು ತಿಳಿಯಬೇಡಿ. ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲೂ ತುಂಬಿಕೊಂಡಿರುವ ಡರ್ಮಾಯ್ಡ್ ಸಿಸ್ಟ್ ತಾನಾಗಿ ಹೋಗುವಂಥದ್ದಲ್ಲ. ಹಳೆಯ ರಕ್ತ ಗಟ್ಟಿಯಾಗಿ ಕೂತ ಎಂಡೊಮೆಟ್ರಿಯೋಮ, ಅಂದರೆ ಚಾಕೊಲೇಟ್ ಸಿಸ್ಟ್, ಕೂಡ ಹಾಗೆ ಸುಮ್ಮನೆ ಮಾಯವಾಗುವುದು ಅಪರೂಪ; ಅದನ್ನು ತೆಗೆಯುವಾಗ ಜೊತೆಗೆ ಆರೋಗ್ಯವಂತ ಅಂಡಗಳೂ ಒಂದಿಷ್ಟು ಹೋಗುತ್ತವೆ, ರಕ್ತ ನಿಲ್ಲಿಸಲು ಸುಡುವುದರಿಂದ ಇನ್ನಷ್ಟು ಹಾನಿಯಾಗಬಹುದು. ಆದ್ದರಿಂದ ಮುಂದೆ ಮಕ್ಕಳು ಬೇಕೆನ್ನುವವರು ಮೊದಲೇ, ಉಳಿದಿರುವ ಅಂಡಗಳ ಅಂದಾಜು ಕೊಡುವ ಎಎಂಎಚ್ ಎಂಬ ರಕ್ತಪರೀಕ್ಷೆಯ ಬಗ್ಗೆ ವೈದ್ಯರೊಡನೆ ಮಾತಾಡಿಕೊಳ್ಳುವುದು ಲೇಸು. ಸಿಸ್ಟಿನೊಳಗೆ ಗಟ್ಟಿ ಭಾಗ, ಒಳಗೋಡೆಯಿಂದ ಮೊಳಕೆಯಂತೆ ಚಾಚಿದ ಬೆಳವಣಿಗೆ, ಅದರಲ್ಲಿ ಜೋರಾದ ರಕ್ತಸಂಚಾರ, ಹೊಟ್ಟೆಯಲ್ಲಿ ನೀರು, ಇವುಗಳಲ್ಲಿ ಯಾವುದಾದರೂ ಇದ್ದರೆ, ಅಥವಾ ಋತುಬಂಧವಾದ ಮೇಲೆ ಹೊಸದಾಗಿ ಸಿಸ್ಟ್ ಕಂಡರೆ, ಲೆಕ್ಕವೇ ಬೇರೆ. ಅಂಥ ಸಂದೇಹವಿದ್ದಾಗ ಹೊಟ್ಟೆಯೊಳಗೆ ಸಿಸ್ಟ್ ಒಡೆಯದಂತೆ ಇಡಿಯಾಗಿ ಹೊರತೆಗೆಯಬೇಕಾಗುತ್ತದೆ, ಅದನ್ನು ಸ್ತ್ರೀರೋಗ ಕ್ಯಾನ್ಸರ್ ಶಸ್ತ್ರತಜ್ಞರಿಂದಲೇ ಮಾಡಿಸುವುದು ಮೇಲು. ಇನ್ನು ಪಿಸಿಓಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇರುವವರ ಅಂಡಾಶಯದ ತುಂಬ ಕಾಣುವ ಚುಕ್ಕೆಗಳು ಈ ಮಾತಿಗೇ ಸೇರಿದವಲ್ಲ. ಅವು ಒಂದು ಸೆಂಟಿಮೀಟರಿಗೂ ಚಿಕ್ಕದಾದ, ಅಂಡವಿರುವ ಗುಳ್ಳೆಗಳು; ಹೆಸರಿನಲ್ಲಿ ಸಿಸ್ಟ್ ಇದೆಯೆಂದು ಅವನ್ನು ತೆಗೆಸಲು ಹೊರಟವರನ್ನು ನಾನು ಕಂಡಿದ್ದೇನೆ.

ಆ ಕೊಠಡಿಯಲ್ಲಿ ಮತ್ತೊಮ್ಮೆ ಕುಳಿತರೆ ನಾನು ಮೊದಲು ಕೇಳುವುದು, ‘ಇದು ಯಾವ ಬಗೆಯ ಸಿಸ್ಟ್ ಎಂದು ನಿಮ್ಮ ಅಂದಾಜು, ಎಂಟು ವಾರ ಕಾದರೆ ನನಗಾಗುವ ಅಪಾಯವೇನು?’ ಎಂದು. ಕಾಯುವಂತಿಲ್ಲ ಎನ್ನುವವರು ಕಾರಣವನ್ನು ವರದಿಯಲ್ಲಿ ಬೊಟ್ಟಿಟ್ಟು ತೋರಿಸಬಲ್ಲವರಾಗಿರಬೇಕು. ಸಿಸ್ಟನ್ನಷ್ಟೇ ಬಿಡಿಸುತ್ತಾರೋ ಅಂಡಾಶಯವನ್ನೇ ತೆಗೆಯುತ್ತಾರೋ, ಯಾವ ಸಂದರ್ಭದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾರೆ, ರಕ್ತ ನಿಲ್ಲದಿದ್ದರೆ ಹೊಲಿಗೆ ಹಾಕಿ ಉಳಿಸಲು ನೋಡುತ್ತಾರೋ, ಹೊಟ್ಟೆ ತೆರೆಯಬೇಕಾಗಿ ಬರಬಹುದೋ ಎಂಬುದನ್ನೆಲ್ಲ ಸೂಜಿ ಚುಚ್ಚುವ ಮುನ್ನ ಕೇಳಿ. ಒಪ್ಪಿಗೆ ಪತ್ರವನ್ನು ಹಿಂದಿನ ದಿನವೇ ಕೇಳಿ ಪಡೆದು, ಮನೆಗೆ ತಂದು ಓದಿ. ಒಪ್ಪದ ಸಾಲಿನ ಪಕ್ಕದಲ್ಲಿ ‘ಪ್ರಾಣಾಪಾಯವಿದ್ದ ಹೊರತು ಅಂಡಾಶಯ ತೆಗೆಯಕೂಡದು’ ಎಂದು ನೀವೇ ಬರೆದು ಸಹಿ ಹಾಕಿ, ವೈದ್ಯರಿಂದಲೂ ಹಾಕಿಸಿಕೊಳ್ಳಬಹುದು. ಸಿಸ್ಟ್ ಬೇಗ ಕರಗಲಿ ಎಂದು ಗರ್ಭನಿರೋಧಕ ಗುಳಿಗೆ ಕೊಡುವುದುಂಟು. ಈಗಾಗಲೇ ಇರುವ ಸಿಸ್ಟನ್ನು ಅವು ಬೇಗ ಕರಗಿಸುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಕಳೆದ ವರ್ಷ ನನ್ನ ಬಲ ಅಂಡಾಶಯದಲ್ಲೂ 4.1 ಸೆಂಟಿಮೀಟರಿನ ಸಿಸ್ಟ್ ಕಂಡಿತು. ಈ ಸಲ ಬೇರೊಬ್ಬ ವೈದ್ಯೆ, ನನ್ನ ಬಾಯಿಂದ ದಿನಾಂಕ ಕೇಳಿ ಬರೆದುಕೊಂಡವರು, ಎಂಟು ವಾರ ಬಿಟ್ಟು ಬರಹೇಳಿದರು. ಹೋದಾಗ ಅಲ್ಲಿ ಏನೂ ಇರಲಿಲ್ಲ.

ಈ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದ ನಾನು ಇನ್ನೊಂದು ತಪ್ಪು ಮಾಡಿದೆ. ಅದನ್ನು ಕೇಳಿದ್ದ ಪರಿಚಯದ ಹೆಂಗಸೊಬ್ಬರಿಗೆ 7 ಸೆಂಟಿಮೀಟರಿನ ಡರ್ಮಾಯ್ಡ್ ಇತ್ತು. ಒಂದು ಸಂಜೆ ಬಲಗಡೆ ಹಠಾತ್ತಾಗಿ ತಡೆಯಲಾರದ ನೋವು ಶುರುವಾಗಿ, ಎರಡು ಸಲ ವಾಂತಿಯಾದರೂ, ‘ಆತುರಪಟ್ಟರೆ ಓವರಿ ತೆಗೆದುಬಿಡುತ್ತಾರೆ’ ಎಂಬ ನನ್ನ ಮಾತನ್ನೇ ನೆನೆದು ಅವರು ಬೆಳಗಿನವರೆಗೆ ಹಲ್ಲು ಕಚ್ಚಿ ಕುಳಿತಿದ್ದರು. ಸಿಸ್ಟಿನ ಭಾರಕ್ಕೆ ಅಂಡಾಶಯ ತನ್ನ ಬುಡದಲ್ಲೇ ತಿರುಚಿಕೊಂಡು ರಕ್ತ ನಿಂತುಹೋಗುವ ಸ್ಥಿತಿ ಅದು. ಅಲ್ಲಿ ಕಾಯುವುದು ವಾರಗಳ ಮಾತಲ್ಲ, ಗಂಟೆಗಳ ಮಾತೂ ದುಬಾರಿ. ಹಠಾತ್ತನೆ ಒಂದೇ ಕಡೆ ಬರುವ ತೀವ್ರ ನೋವು, ಜೊತೆಗೆ ವಾಂತಿ, ಜ್ವರ, ತಲೆಸುತ್ತಿ ಕಣ್ಣು ಕತ್ತಲೆ ಬರುವುದು, ಇವು ಕಂಡರೆ ಮೇಲೆ ಬರೆದದ್ದನ್ನೆಲ್ಲ ಬದಿಗಿಟ್ಟು ತುರ್ತು ಚಿಕಿತ್ಸೆಗೆ ಹೋಗಿ. ಅವರ ಅಂಡಾಶಯ ಕಪ್ಪುನೀಲಿಗೆ ತಿರುಗಿತ್ತಂತೆ. ಶಸ್ತ್ರತಜ್ಞರು ತಿರುಚನ್ನು ಬಿಚ್ಚಿ, ಬಣ್ಣ ಮರಳುತ್ತದೆಯೇ ಎಂದು ಸ್ವಲ್ಪ ಹೊತ್ತು ನೋಡಿ, ಸಿಸ್ಟನ್ನಷ್ಟೇ ಬಿಡಿಸಿ ಅಂಡಾಶಯವನ್ನು ಅಲ್ಲೇ ಉಳಿಸಿದರು.