ಮುಲುಂಡ್‌ನ ಮೌಲ್ಯಮಾಪಕರ ಕಚೇರಿ: ಕೆಲಸಕ್ಕೆ ತಕ್ಕ ಶುಲ್ಕ

ತಂದೆಯವರು 1984ರಲ್ಲಿ ಮುಂಬೈಯ ಮುಲುಂಡ್ ಪಶ್ಚಿಮದಲ್ಲಿ ಕೊಂಡಿದ್ದ ಫ್ಲಾಟನ್ನು ಮಾರುವಾಗ, ಬಂಡವಾಳ ಲಾಭದ ತೆರಿಗೆ ಲೆಕ್ಕಕ್ಕಾಗಿ 2001ರ ಏಪ್ರಿಲ್ 1ರಂದು ಅದರ ಬೆಲೆ ಎಷ್ಟಿತ್ತೆಂಬ ವರದಿ ಬೇಕಾಯಿತು. ಅದನ್ನು ಮಾಡಿಕೊಟ್ಟವರು ಮುಲುಂಡ್ ನಿಲ್ದಾಣದ ಸಮೀಪದಲ್ಲಿ ಕಚೇರಿ ಇಟ್ಟುಕೊಂಡಿರುವ ನೋಂದಾಯಿತ ಮೌಲ್ಯಮಾಪಕರು.

ಶುಲ್ಕವೆಷ್ಟೆಂದು ಕೇಳಿದಾಗ ಅಲ್ಲಿನ ಹಿರಿಯರು ಮೊತ್ತ ಹೇಳದೆ, ವರದಿಯನ್ನು ಯಾರಿಗೆ ಕೊಡಬೇಕೆಂದು ಮೊದಲು ವಿಚಾರಿಸಿದರು. ಮಕ್ಕಳ ವೀಸಾಕ್ಕೆ ಆಸ್ತಿಯ ವಿವರ ತೋರಿಸಲು ಚಿಕ್ಕ ವರದಿ ಸಾಕು, ಆದರೆ ಆದಾಯ ತೆರಿಗೆ ಅಧಿಕಾರಿ ನಂತರ ಪ್ರಶ್ನಿಸಬಹುದಾದ ವರದಿಗೆ ಅಂದಿನ ದರಗಳ ಆಧಾರವನ್ನು ಹುಡುಕಿ ಜೋಡಿಸಬೇಕು, ಆದ್ದರಿಂದ ಎರಡಕ್ಕೂ ಒಂದೇ ಶುಲ್ಕ ಹೇಳುವುದು ನ್ಯಾಯವಲ್ಲ ಎಂಬುದು ಅವರ ನಿಲುವು. ಇದಕ್ಕೂ ಮೊದಲು ನಾವು ವಿಚಾರಿಸಿದ್ದ ಇನ್ನೊಬ್ಬರು ಮನೆ ನೋಡದೆಯೇ ಅರ್ಧ ದುಡ್ಡಿಗೆ ಒಪ್ಪಿಕೊಂಡು, ಎಷ್ಟು ಮೊತ್ತ ಬರೆಯಬೇಕೆಂದು ನಮ್ಮನ್ನೇ ಕೇಳಿದ್ದರು. ಇವರಾದರೋ, 2001ರ ಬೆಲೆ ಆ ದಿನದ ಮುದ್ರಾಂಕ ಮೌಲ್ಯವನ್ನು, ಅಂದರೆ ಸರ್ಕಾರ ನಿಗದಿಪಡಿಸುವ ರೆಡಿ ರೆಕನರ್ ದರದ ಲೆಕ್ಕವನ್ನು, ಮೀರುವಂತಿಲ್ಲವೆಂದು ಮುಂಗಡ ಪಡೆಯುವ ಮೊದಲೇ ತಿಳಿಸಿದರು.

ಶುಲ್ಕದ ಪತ್ರದಲ್ಲಿ ಸ್ಥಳ ಪರಿಶೀಲನೆ, ನಾವು ಕೊಡಬೇಕಾದ ಕರಾರುಪತ್ರ ಮತ್ತು ಸೊಸೈಟಿಯ ಷೇರು ಪ್ರಮಾಣಪತ್ರ, ವರದಿ ಕೈಸೇರುವ ಅವಧಿ ಎಲ್ಲವೂ ಇದ್ದವು. ಮುಂದೆ ಇಲಾಖೆಯ ಪ್ರಶ್ನೆಗೆ ಉತ್ತರ ಬರೆಯಬೇಕಾದರೆ ಪ್ರತ್ಯೇಕ ಶುಲ್ಕವೆಂದೂ ಸ್ಪಷ್ಟಪಡಿಸಿದ್ದರು. ಮೊತ್ತವನ್ನು ಫ್ಲಾಟಿನ ಬೆಲೆಯ ಶೇಕಡಾವಾರಾಗಿ ಲೆಕ್ಕ ಹಾಕದೆ ಕೆಲಸದ ಅಂದಾಜಿನ ಮೇಲೆ ನಿಗದಿಪಡಿಸಿದ್ದು ನನಗೆ ಬಹಳ ಹಿಡಿಸಿತು. ಬೆಲೆ ಹೆಚ್ಚು ಬರೆದಷ್ಟೂ ಬರೆದವರಿಗೆ ಲಾಭವಾಗುವ ಏರ್ಪಾಡಿನಲ್ಲಿ ವರದಿಯನ್ನು ನಂಬುವುದು ಕಷ್ಟ.

ಪರಿಶೀಲನೆಗೆ ಬಂದ ಎಂಜಿನಿಯರ್ ಲೇಸರ್ ಮೀಟರಿನಿಂದ ಪ್ರತಿ ಕೋಣೆಯನ್ನೂ ಅಳೆದು, ಗ್ರಿಲ್ ಹಾಕಿ ಮುಚ್ಚಿಸಿದ್ದ ಬಾಲ್ಕನಿಯನ್ನು ಬೇರೆಯಾಗಿ ಗುರುತು ಹಾಕಿಕೊಂಡರು. ಅಡುಗೆಕಟ್ಟೆಯ ಗ್ರಾನೈಟನ್ನು ಮುಟ್ಟಿ ನೋಡಿ, ಹಾಕಿಸಿದ ವರ್ಷ ಕೇಳಿದರು. 2001ರ ನಂತರದ್ದಾದ್ದರಿಂದ ಅದು ಅಂದಿನ ಬೆಲೆಗೆ ಸೇರದು, ಬಿಲ್ ಇದ್ದರೆ ಸುಧಾರಣೆಯ ವೆಚ್ಚವಾಗಿ ಬೇರೆಯೇ ತೋರಿಸಬಹುದೇ ಎಂದು ನಿಮ್ಮ ಸಿಎಯವರನ್ನು ಕೇಳಿ ಎಂದರು. ತೆರಿಗೆಯ ದರ ಸೂಚ್ಯಂಕವಿಲ್ಲದ, ಅಂದರೆ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸದ, 12.5 ಪ್ರತಿಶತವೋ, ಸೂಚ್ಯಂಕದೊಂದಿಗೆ 20 ಪ್ರತಿಶತವೋ ಎಂಬ ಪ್ರಶ್ನೆಗೂ ಅವರು ಕೈಹಾಕಲಿಲ್ಲ. ತಮ್ಮ ಕೆಲಸದ ಗಡಿಯನ್ನು ಅರಿತಿದ್ದರು.

ಒಂದು ಕೊರತೆಯನ್ನು ಹೇಳಲೇಬೇಕು. ಹಕ್ಕುದಾರರು ನಾವು ಮೂವರು. ಉಡುಪಿಯಲ್ಲಿರುವ ಅಕ್ಕನಿಗೆ ಆ ಇಂಗ್ಲಿಷ್ ವರದಿಯ ಲೆಕ್ಕಾಚಾರ ಅರ್ಥವಾಗಲಿಲ್ಲ. ಸರಳ ವಿವರಣೆಯ ಒಂದು ಪುಟ ಕೇಳಿದ್ದಕ್ಕೆ ಹೆಚ್ಚುವರಿ ಹಣ ಪಡೆದರು. ಅಧಿಕಾರಿಯ ಜೊತೆಗೆ ಮನೆಯವರಲ್ಲಿ ಯಾರಾರು ಓದುವರೆಂದೂ ಮೊದಲ ದಿನವೇ ಕೇಳಿದ್ದರೆ ಅದು ಮೂಲ ಶುಲ್ಕದಲ್ಲೇ ಸೇರುತ್ತಿತ್ತು.

ತೆರಿಗೆಗಾಗಿ ಅಥವಾ ಪಾಲುಪಟ್ಟಿಗಾಗಿ ವರದಿ ಬೇಕಾದವರು ಧಾರಾಳವಾಗಿ ಹೋಗಬಹುದು. ಬ್ಯಾಂಕ್ ಸಾಲಕ್ಕಷ್ಟೇ ಆದರೆ ಸಾಮಾನ್ಯವಾಗಿ ಬ್ಯಾಂಕು ತನ್ನ ಪಟ್ಟಿಯಲ್ಲಿರುವ ಮೌಲ್ಯಮಾಪಕರನ್ನೇ ಕಳುಹಿಸುತ್ತದೆ. ಅಂಥವರಿಗೆ ಇಲ್ಲಿ ಖರ್ಚು ಮಾಡುವ ಅಗತ್ಯವಿಲ್ಲ.