ನೀರಿನ ಮೇಲಿನ ಮೂರು ಸಂತೆಗಳು: ದಮ್ನೋನ್ ಸದುವಾಕ್, ಅಂಫವಾ, ಕಾಯ್ ರಾಂಗ್

ಡಿಸೆಂಬರಿನಲ್ಲಿ ಗೆಳೆಯರಿಬ್ಬರೊಡನೆ ಬೆನ್ನಚೀಲ ಹೊತ್ತು ಹೊರಡಲಿರುವ ನನ್ನ ಅಣ್ಣನ ಮಗ ಮೊನ್ನೆ ಗಂಗಾವತಿಯ ನಮ್ಮ ಮನೆಗೆ ಬಂದು, "ಕಾಕಾ, ದೋಣಿ ಸಂತಿ ನೋಡಾಕ ಥಾಯ್ಲೆಂಡ್ ಚಲೋನೋ, ವಿಯೆಟ್ನಾಂ ಚಲೋನೋ?" ಎಂದು ಕೇಳಿದ. ಎರಡೂ ಕಡೆ ದೋಣಿಯಲ್ಲಿ ಕುಳಿತು ಬಂದವನಾದ್ದರಿಂದ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಳತೆಗೋಲು ಆನೆಗೊಂದಿಯದು. ತಳವಾರಘಟ್ಟದಿಂದ ಆನೆಗೊಂದಿಯ ದಡಕ್ಕೆ ಹರಿಗೋಲಿನಲ್ಲಿ ಬೈಕು, ಸೊಪ್ಪಿನ ಗಂಟು, ಹಾಲಿನ ಕ್ಯಾನು, ಶಾಲೆಯ ಮಕ್ಕಳು ಒಟ್ಟಿಗೇ ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ನೋಡುತ್ತ ನಾನು ಬೆಳೆದೆ. ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವೆ ಸೇತುವೆಯಾದ ಮೇಲೆ ಆ ದಾಟುವಿಕೆ ಬಹಳ ಇಳಿದಿದೆ. ಸಣಾಪುರದ ಕೆರೆಯಲ್ಲಿ ಅದೇ ಹರಿಗೋಲು ಪ್ರವಾಸಿಗರನ್ನು ಕೂರಿಸಿಕೊಂಡು ಗರಗರ ತಿರುಗುತ್ತಿದೆ. ಹರಿಗೋಲೂ ಒಂದೇ, ಹುಟ್ಟೂ ಒಂದೇ, ಆದರೆ ಒಂದು ಊರಿನ ಕೆಲಸಕ್ಕೆ ಹೊರಟದ್ದು, ಇನ್ನೊಂದು ನಮ್ಮನ್ನು ರಂಜಿಸಲು. ಹೀಗಾಗಿ ನೀರಿನ ಮೇಲಿನ ಯಾವುದೇ ಸಂತೆಗೆ ಹೋದರೂ ಅಲ್ಲಿನ ದೋಣಿಗಳು ಯಾರ ಕೆಲಸಕ್ಕೆ ಬಂದಿವೆ ಎಂದೇ ನಾನು ಮೊದಲು ಗಮನಿಸುತ್ತೇನೆ.

ಬ್ಯಾಂಕಾಕಿನಿಂದ ಸುಮಾರು 100 ಕಿಲೋಮೀಟರ್ ದೂರದ ರಾಚಬುರಿ ಪ್ರಾಂತ್ಯದಲ್ಲಿರುವ ದಮ್ನೋನ್ ಸದುವಾಕ್‌ನ ಚಿತ್ರಗಳನ್ನು ಎಲ್ಲರೂ ನೋಡಿರುತ್ತಾರೆ. ಮೇಕ್ಲಾಂಗ್ ಮತ್ತು ತಾ ಚಿನ್ ನದಿಗಳನ್ನು ಜೋಡಿಸಲು 1860ರ ದಶಕದಲ್ಲಿ ರಾಜ ನಾಲ್ಕನೆಯ ರಾಮನ ಅಪ್ಪಣೆಯಂತೆ ತೋಡಿದ, ಸುಮಾರು 32 ಕಿಲೋಮೀಟರ್ ಉದ್ದದ ಆ ಕಾಲುವೆ ಒಂದು ಕಾಲಕ್ಕೆ ನಿಜವಾಗಿಯೂ ತೋಟದ ಬೆಳೆಯನ್ನು ಸಾಗಿಸುತ್ತಿತ್ತು. ನಾನು ಕಂಡಾಗ ಬಹುಪಾಲು ದೋಣಿಗಳಲ್ಲಿ ಕುಳಿತಿದ್ದವರು ನಮ್ಮಂಥ ಹೊರಗಿನವರು; ದಡದ ಅಂಗಡಿಗಳಲ್ಲಿ ತೂಗುತ್ತಿದ್ದುದು ಟೋಪಿ, ಬೀಸಣಿಗೆ, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ. ನಮ್ಮನ್ನು ಕರೆದೊಯ್ದ ವ್ಯಾನಿನವನು ಸಂತೆಗಿಂತ ಮೊದಲೇ ಖಾಸಗಿ ಕಟ್ಟೆಯೊಂದರಲ್ಲಿ ಇಳಿಸಿ, ಇಲ್ಲಿಂದ ಮುಂದೆ ದೋಣಿಯಲ್ಲೇ ಹೋಗಬೇಕೆಂದು ದುಬಾರಿ ಬೆಲೆ ಹೇಳಿಸಿದ. ಅದನ್ನು ಕೊಟ್ಟ ಮೇಲೆ, ಕಾಲುವೆಯ ದಡದಲ್ಲಿ ನಡೆದೇ ಸಂತೆ ತಲುಪಬಹುದಿತ್ತೆಂದು ತಿಳಿಯಿತು. ತೆಂಗಿನ ಹಾಲು ಸುರಿದ ಅಂಟನ್ನ ಮತ್ತು ಮಾವಿನ ಹಣ್ಣಿನ ರುಚಿಯನ್ನು ಮಾತ್ರ ನಾನು ಮರೆತಿಲ್ಲ.

ಅಂಫವಾ ಅದಕ್ಕಿಂತ ಮೇಲು. ಶುಕ್ರವಾರದಿಂದ ಭಾನುವಾರದವರೆಗೆ, ಮಧ್ಯಾಹ್ನದ ನಂತರ ಸೇರುವ ಈ ಸಂತೆಗೆ ಥಾಯ್ ಕುಟುಂಬಗಳೇ ಹೆಚ್ಚಾಗಿ ಬರುತ್ತವೆ. ದೋಣಿಯಲ್ಲಿಯೇ ಕೆಂಡದ ಮೇಲೆ ಸಿಗಡಿ ಸುಟ್ಟು, ದಡದ ಮೆಟ್ಟಿಲಲ್ಲಿ ಕುಳಿತವರಿಗೆ ಕೊಡುತ್ತಾರೆ. ಕತ್ತಲಾದ ಮೇಲೆ ನದಿಯಂಚಿನ ಮರಗಳಲ್ಲಿ ಮಿಣುಕುಹುಳುಗಳನ್ನು ತೋರಿಸಲು ದೋಣಿಗಳು ಹೊರಡುತ್ತವೆ. ಮಕ್ಕಳಿರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಆದರೆ ನನ್ನ ಮನಸ್ಸು ನೆಟ್ಟದ್ದು ವಿಯೆಟ್ನಾಂನ ಮೆಕಾಂಗ್ ಮುಖಜಭೂಮಿಯ ಕಾಯ್ ರಾಂಗ್‌ನಲ್ಲಿ. ಅಲ್ಲಿಗೆ ಎರಡು ಬಗೆಯಲ್ಲಿ ಹೋಗಿದ್ದೇನೆ, ಎರಡಕ್ಕೂ ಅಜಗಜಾಂತರ. ಮೊದಲ ಸಲ ಹೋ ಚಿ ಮಿನ್ ನಗರದಿಂದ ಒಂದೇ ದಿನದ ಪ್ಯಾಕೇಜಿನಲ್ಲಿ ಹೋದೆ. ಕಾಯ್ ರಾಂಗ್ ಇರುವ ಕಾನ್ ಥೊ ನಗರಕ್ಕೆ 160 ಕಿಲೋಮೀಟರಿಗೂ ಹೆಚ್ಚು ದಾರಿ. ಬೆಳಗ್ಗೆ ಹೊರಟ ಬಸ್ಸು ತಲುಪುವಷ್ಟರಲ್ಲಿ ವ್ಯಾಪಾರ ಮುಗಿದು, ಖಾಲಿ ದೋಣಿಗಳ ಮೇಲೆ ಬಟ್ಟೆ ಒಣಗುತ್ತಿದ್ದವು. ಈ ಸಗಟು ಸಂತೆ ನಸುಕಿನಲ್ಲೇ ಕೂಡಿ, ಎಂಟೊಂಬತ್ತು ಗಂಟೆಗೆ ಚದುರುತ್ತದೆ ಎಂಬುದನ್ನು ಟಿಕೆಟ್ ಮಾರಿದವರು ಹೇಳಿರಲಿಲ್ಲ. ಎರಡನೆಯ ಸಲ ಕಾನ್ ಥೊದಲ್ಲೇ ಮೂರು ರಾತ್ರಿ ಉಳಿದು, ನಿನ್ ಕಿಯೆವ್ ಘಟ್ಟದಿಂದ ಬೆಳಗ್ಗೆ ಐದಕ್ಕೆ ನಾಲ್ಕು ಜನ ಹಿಡಿಸುವ ಸಣ್ಣ ದೋಣಿಯನ್ನು ಹಿಂದಿನ ಸಂಜೆಯೇ ಗೊತ್ತುಮಾಡಿಕೊಂಡು ಹೊರಟೆ.

ಸುಮಾರು ಆರು ಕಿಲೋಮೀಟರ್ ಸಾಗಿದ ಮೇಲೆ ಮಬ್ಬಿನಲ್ಲಿ ಮೊದಲು ಕಂಡದ್ದು ಬಿದಿರು ಗಳಗಳು. ದೊಡ್ಡ ದೋಣಿಗಳ ಮುಂಭಾಗದಲ್ಲಿ ನೆಟ್ಟ ಗಳದ ತುದಿಗೆ, ಒಳಗೆ ಏನಿದೆಯೋ ಅದರದೊಂದು ಮಾದರಿಯನ್ನು ಕಟ್ಟಿರುತ್ತಾರೆ: ಒಂದರಲ್ಲಿ ಅನಾನಸು, ಒಂದರಲ್ಲಿ ಕುಂಬಳಕಾಯಿ, ಒಂದರಲ್ಲಿ ಈರುಳ್ಳಿ. ಕೂಗಿ ಕರೆಯುವ ಅಗತ್ಯವೇ ಇಲ್ಲ, ಕೊಳ್ಳುವವನು ದೂರದಿಂದಲೇ ಗಳ ನೋಡಿ ದೋಣಿ ತಿರುಗಿಸುತ್ತಾನೆ. ಅನಾನಸಿನ ದೋಣಿಯ ಮೇಲೆ ನಿಂತವನು ಎರಡೆರಡು ಹಣ್ಣು ಎಸೆಯುತ್ತಿದ್ದ, ಕೆಳಗಿನ ಸಣ್ಣ ದೋಣಿಯ ಹೆಂಗಸು ಹಿಡಿದು ಜೋಡಿಸುತ್ತ ಎಣಿಸುತ್ತಿದ್ದಳು. ಒಂದೂ ನೀರಿಗೆ ಬೀಳಲಿಲ್ಲ. ನಮ್ಮ ಎಪಿಎಂಸಿಯಲ್ಲಿ ಹಮಾಲರು ಚೀಲ ಇಳಿಸುವಾಗ ಲೆಕ್ಕ ಹೇಳುವ ರಾಗವೇ ನನಗೆ ನೆನಪಾಯಿತು. ಕಾಫಿ ಮಾರುವ ಇನ್ನೊಬ್ಬಳು ಒಂದು ಕೈಯಲ್ಲಿ ನಮ್ಮ ದೋಣಿಯ ಅಂಚು ಹಿಡಿದು, ಇನ್ನೊಂದು ಕೈಯಲ್ಲಿ ಮಂಜುಗಡ್ಡೆ ಹಾಕಿದ ಕಾಫಿ ಕೊಟ್ಟು, ಚಿಲ್ಲರೆ ಎಣಿಸಿ, ಅದೇ ಹೊತ್ತಿಗೆ ಮುಂದಿನ ದೋಣಿಯತ್ತ ಸರಿದಳು. ನಮಗಾಗಿ ಅಲ್ಲಿ ಯಾರೂ ಕಾದು ಕುಳಿತಿರಲಿಲ್ಲ, ಅದೇ ನನಗೆ ಹಿಡಿಸಿದ್ದು.

ಹಿಂತಿರುಗುವಾಗ ಕವಲು ಕಾಲುವೆಗಳಲ್ಲಿ ಹೋಗಲು ಮುಂಚೆಯೇ ಮಾತನಾಡಿಕೊಳ್ಳಬೇಕು. ಸಮುದ್ರದ ಉಬ್ಬರವಿಳಿತ ಇಲ್ಲಿಯವರೆಗೂ ತಲುಪುವುದರಿಂದ ನೀರು ದಿನವೂ ಏರಿ ಇಳಿಯುತ್ತದೆ. ಇಳಿತದಲ್ಲಿ ನಮ್ಮ ದೋಣಿ ಕೆಸರಿಗೆ ತಾಗಿತು, ಅಂತರಗಂಗೆಯ ಬೇರು ಮೋಟಾರಿನ ರೆಕ್ಕೆಗೆ ಸುತ್ತಿಕೊಂಡಾಗ ಅಂಬಿಗಿತ್ತಿ ಉದ್ದನೆಯ ದಂಡವನ್ನು ನೀರಿನಿಂದ ಮೇಲೆತ್ತಿ ಕೈಯಿಂದಲೇ ಬಿಡಿಸಿದಳು. ದಡದ ಒಂದು ಮನೆಯಲ್ಲಿ ಅಕ್ಕಿ ಹಿಟ್ಟಿನ ಸಂಪಣವನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಬಿದಿರು ತಟ್ಟಿಯ ಮೇಲೆ ಒಣಗಿಸಿ ಶ್ಯಾವಿಗೆಯಾಗಿ ಕತ್ತರಿಸುತ್ತಿದ್ದರು. ಒಲೆಗೆ ಹಾಕುತ್ತಿದ್ದುದು ಭತ್ತದ ಹೊಟ್ಟು. ಭತ್ತದ ಊರಿನಿಂದ ಬಂದ ನಾನು ಆ ಒಲೆಯ ಬಳಿ ಅರ್ಧ ಗಂಟೆ ನಿಂತೆ.

ಸಸ್ಯಾಹಾರಿಗಳಿಗೆ ಒಂದು ಮಾತು: ಮೂರೂ ಕಡೆ ಮೀನಿನ ಸಾರ ಎಲ್ಲಕ್ಕೂ ಬೀಳುತ್ತದೆ. ವಿಯೆಟ್ನಾಂನಲ್ಲಿ "ಚಾಯ್" ಎಂದರೆ ಚಹಾ ಅಲ್ಲ, ಸಸ್ಯಾಹಾರ. ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನ ಅಲ್ಲಿನ ಬೌದ್ಧರಲ್ಲಿ ಅನೇಕರು ಮಾಂಸ ಮುಟ್ಟುವುದಿಲ್ಲವಾದ್ದರಿಂದ ಅಂಥ ಊಟದ ಮನೆಗಳು ಪಟ್ಟಣದಲ್ಲಿ ಸುಲಭವಾಗಿ ಸಿಗುತ್ತವೆ. ಈ ವಿಷಯದಲ್ಲಿ ಅಂಫವಾ ನನಗೆ ಕಷ್ಟವಾಯಿತು.

ಕಾಯ್ ರಾಂಗ್‌ಗೂ ಕೊರತೆಯಿದೆ. 2016ರಲ್ಲಿ ಅದನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯೆಂದು ಘೋಷಿಸಿದರೂ, ರಸ್ತೆ ಮತ್ತು ಸೇತುವೆಗಳು ಬಂದು ಸರಕು ಲಾರಿಗೇರಿದ್ದರಿಂದ ದೋಣಿಗಳು ವರ್ಷವರ್ಷ ಕಡಿಮೆಯಾಗುತ್ತಿವೆ. ಅದಕ್ಕಿಂತ ಚಿಕ್ಕದಾದ ಫೊಂಗ್ ಡಿಯೆನ್ ಸಂತೆಗೂ ಹೋಗಿದ್ದೆ. ಕೈಹುಟ್ಟಿನ ನಾಲ್ಕೈದು ದೋಣಿ ಮಾತ್ರ ಕಂಡವು. ಆದ್ದರಿಂದ ಹುಡುಗನಿಗೆ ಹೇಳಿದೆ: ಕಾನ್ ಥೊದಲ್ಲೇ ಕನಿಷ್ಠ ಎರಡು ರಾತ್ರಿ ಉಳಿ, ಸಣ್ಣ ದೋಣಿಯನ್ನೇ ಹಿಡಿ, ಆದರೆ ಅವರ ಹೊಸ ವರ್ಷವಾದ ತೆತ್ ಹಬ್ಬದ ದಿನಗಳಲ್ಲಿ ಹೋಗಬೇಡ, ಸಂತೆ ಮುಚ್ಚಿರುತ್ತದೆ. ಗಳದ ತುದಿಯಲ್ಲಿ ಹಣ್ಣಿನ ಬದಲು ಒಣ ತೆಂಗಿನ ಗರಿ ಕಟ್ಟಿದ್ದರೆ, ಆ ದೋಣಿಯೇ ಮಾರಾಟಕ್ಕಿದೆ ಎಂದರ್ಥ. ನಾನು ಹೋದ ಬೆಳಗ್ಗೆ ಅಂಥ ಗರಿಗಳು ಮೂರು ಇದ್ದವು.